ಶೀತದ ಮುರಾರಿ

ಆ ಅಡುಗೆಕೋಣೆಯಲ್ಲಿ ಬನೀನು ಹಾಕಿಕೊಂಡವನು ನಾನೊಬ್ಬನೇ. ಉಳಿದವರೆಲ್ಲ ಬರಿಮೈಯವರು. ಸೊಂಟಕ್ಕೊಂದು ಪಂಚೆ, ಹೆಗಲಿಗೊಂದು ಬೈರಾಸು, ಎದೆಯ ಮೇಲೆ ಜನಿವಾರ. ಅವರ ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿದ್ದರು, ಮತ್ತೆ ಇಳಿಯುತ್ತಿತ್ತು. ನನ್ನ ಬೆವರಿಗೆ ಇಳಿದು ಹೋಗುವ ದಾರಿಯಿರಲಿಲ್ಲ. ಅದು ಬನೀನಿನೊಳಗೇ ಕುದಿಯುತ್ತಿತ್ತು.

ಕಲ್ಕತ್ತೆಯ ಬಿಬಿಡಿ ಬಾಗ್‌ನ ಕಚೇರಿಗಳ ಹಿಂದೆ, ಒಂದು ಗಲ್ಲಿಯಲ್ಲಿ ರಂಗನಾಥ ಭಟ್ಟರ ಹೋಟೆಲು. ಬೋರ್ಡಿನ ಮೇಲೆ ಮೂರು ಭಾಷೆಯಲ್ಲಿ ‘ಶುದ್ಧ ಸಸ್ಯಾಹಾರಿ’ ಎಂದು ಬರೆಸಿದ್ದರು. ಆ ಶುದ್ಧದ ಕಾವು ತಿಂದವರು ಒಳಗಿದ್ದ ನಾವು. ಅಡುಗೆಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದು ಮೀನಿನ ಅಂಗಡಿಗಳ ಕಡೆಗಿತ್ತು. ವಾಸನೆ ಒಳಗೆ ಬರುತ್ತದೆಂದು ಭಟ್ಟರು ಅದಕ್ಕೆ ಅಡ್ಡ ಹಲಗೆ ಹೊಡೆಸಿದ್ದರು. ಫ್ಯಾನು ಹಾಕಿದರೆ ಒಲೆಯ ಬೂದಿ ಹಿಟ್ಟಿಗೆ ಹಾರುತ್ತದೆಂದು ಫ್ಯಾನೂ ಇಲ್ಲ. ಕಲ್ಲಿದ್ದಲಿನ ಒಲೆ, ಅದರ ಮೇಲೆ ಅಗಲವಾದ ಕಬ್ಬಿಣದ ಕಾವಲಿ, ಅದರ ಮುಂದೆ ಬೆಳಗಿನಿಂದ ಸಂಜೆಯವರೆಗೆ ನಾನು.

ಸೆಕೆ ನನಗೆ ಹೊಸದಲ್ಲ. ನಾನು ಕಡಲ ದಂಡೆಯವನು. ಆದರೆ ನಮ್ಮೂರಿನ ಸೆಕೆಗೆ ಒಂದು ಮರ್ಯಾದೆ ಇದೆ. ಮಧ್ಯಾಹ್ನ ಕಳೆಯುತ್ತಲೇ ಕಡಲಿನಿಂದ ಗಾಳಿ ಏಳುತ್ತದೆ, ಮೈ ಆರುತ್ತದೆ. ಕಲ್ಕತ್ತೆಯ ವೈಶಾಖದಲ್ಲಿ ಮೈ ಆರುವುದೇ ಇಲ್ಲ. ಗಾಳಿ ನಿಂತಲ್ಲೇ ನಿಂತಿರುತ್ತದೆ. ಉಸಿರು ಎಳೆದುಕೊಂಡರೆ ಬೇರೆಯವರು ಬಿಟ್ಟ ಉಸಿರನ್ನೇ ಎಳೆದುಕೊಂಡ ಹಾಗಾಗುತ್ತದೆ. ಡಾಂಬರು ಚಪ್ಪಲಿಗೆ ಅಂಟುತ್ತದೆ. ನಲ್ಲಿಯ ನೀರು ಕೈ ಸುಡುತ್ತದೆ. ಆ ನೀರನ್ನು ತಲೆಗೆ ಸುರಿದುಕೊಂಡರೆ ತಲೆ ಒದ್ದೆಯಾಗುತ್ತದೆಯೇ ಹೊರತು ತಣ್ಣಗಾಗುವುದಿಲ್ಲ. ಊಟದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕುಳಿತ ಬಾಬುಗಳು ‘ಉಫ್, ಕೀ ಗೊರೊಮ್!’ ಎಂದು ಸೆಕೆಯನ್ನು ದಿನಕ್ಕೊಂದು ಹೊಸ ರಾಗದಲ್ಲಿ ಬೈಯುವರು. ಒಳಗಿದ್ದ ನಾವು ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಬಾಯಿ ತೆರೆದರೆ ಗಂಟಲು ಒಣಗುತ್ತಿತ್ತು.

ನನ್ನ ಎದೆ, ಬೆನ್ನು, ಕಂಕುಳು ಎಲ್ಲ ಕಡೆ ಬೆವರುಸಾಲೆ ಎದ್ದಿತ್ತು. ಬೇಸಿಗೆ ಬಲಿತಂತೆ ಅದು ಕುರುವಾಗಿ ಕೀವು ತುಂಬುತ್ತಿತ್ತು. ಬನೀನು ಅದಕ್ಕೆ ಅಂಟಿಕೊಳ್ಳುತ್ತಿತ್ತು. ಕಳಚುವಾಗ ಸಿಪ್ಪೆ ಕಿತ್ತುಬಂದು ರಕ್ತ ಜಿನುಗುತ್ತಿತ್ತು. ಮುಖ್ಯ ಅಡುಗೆಯವರಾದ ಗಣಪಯ್ಯ ನೋಡಲಾರದೆ ಬೈಯುತ್ತಿದ್ದರು.

“ತೆಗ್ದು ಒಗಿ ಮಾರಾಯ ಅದನ್ನ. ನೋಡಿದ್ರೆ ನಂಗೇ ಸೆಕೆ ಆಗ್ತದೆ.”

“ಆತಿಲ್ಲ ಗಣಪಯ್ಯನವ್ರೇ. ನಂಗೆ ಎದೆ ಶೀತ.”

ಎದೆ ಶೀತ! ಬೆಂಕಿಯ ಬಾಯಲ್ಲಿ ನಿಂತವನಿಗೆ ಶೀತ! ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ನನ್ನ ಹೆಸರು ಶೀತದ ಮುರಾರಿ. ‘ಶೀತಕ್ಕೆ ಒಂದು ಕಂಬಳಿ ಕೊಡಿ’, ‘ಶೀತನ ಪಕ್ಕ ನಿಂತ್ರೆ ತಂಪಾಗ್ತದೆ’ ಎಂದು ಹೊತ್ತು ಕಳೆಯಲು ತಮಾಷೆ ಮಾಡುವರು. ನಾನೂ ನಗುತ್ತಿದ್ದೆ. ನಗದಿದ್ದರೆ ಯಾಕೆ ನಗಲಿಲ್ಲ ಎಂದು ಕೇಳುತ್ತಾರಲ್ಲ.

ನನಗೆ ಶೀತವೂ ಇರಲಿಲ್ಲ, ಜನಿವಾರವೂ ಇರಲಿಲ್ಲ.

ನಾನು ಸುಳ್ಳು ಹೇಳಿ ಒಳಗೆ ಸೇರಿದವನಲ್ಲ. ನಮ್ಮ ಕಡಲಿಗೆ ಯಂತ್ರದ ಪರ್ಸೀನ್ ಬೋಟುಗಳು ಬಂದು, ದಡದಿಂದ ಎಳೆಯುವ ನಮ್ಮ ರಂಪಣಿ ಬಲೆಗೆ ಮೀನು ಬರುವುದು ನಿಂತ ಮೇಲೆ ನಾನು ಬೊಂಬಾಯಿಗೆ ಓಡಿದ್ದೆ. ಅಲ್ಲಿ ಲೋಟ ತೊಳೆಯುತ್ತಲೇ ಕಾವಲಿಯ ಕೆಲಸ ಕಲಿತೆ. ಯಾರೋ ಹೇಳಿದರೆಂದು ಕಲ್ಕತ್ತೆಗೆ ಬಂದು ಭಟ್ಟರ ಗಲ್ಲೆಯ ಮುಂದೆ ನಿಂತೆ. ಅವರು ತಲೆಯೆತ್ತದೆ ಕೇಳಿದರು.

“ಎಲ್ಲಿಯವ?”

“ಕೋಟದವ.”

ನಾನು ಊರು ಹೇಳಿದೆ. ನಮ್ಮದು ಕೋಟದ ಪಡುಕೆರೆ. ಪಡುಕೆರೆ ಎಂದರೆ ಯಾರಿಗೂ ತಿಳಿಯುವುದಿಲ್ಲವೆಂದು ಕೋಟ ಎಂದೆ. ಅವರಿಗೆ ಕೇಳಿಸಿದ್ದು ಜಾತಿ. ನಮ್ಮ ಕಡೆ ಬ್ರಾಹ್ಮಣರಲ್ಲಿ ಶಿವಳ್ಳಿಯವರು, ಕೋಟದವರು ಎಂದು ಪಂಗಡ. ಶಿವಳ್ಳಿಯವರಾದ ಭಟ್ಟರು ತಲೆಯೆತ್ತಿ ನನ್ನನ್ನು ನೋಡಿದರು.

“ಕೋಟದವನಾ? ಅಡ್ಡಿಲ್ಲ. ಅಡುಗೆಕೋಣೆಗೆ ಆಗ್ತದೆ. ಒಳಗೆ ಹೋಗು.”

ಒಳಗೆ ಹೋಗು ಎಂದರು. ಹೋದೆ. ಹೊಟ್ಟೆ ಹಸಿದಿತ್ತು. ಅವರು ತಪ್ಪು ತಿಳಿದಿದ್ದಾರೆಂದು ನನಗೆ ಗೊತ್ತಾದದ್ದು ಒಳಗಿನವರ ಎದೆಗಳನ್ನು ನೋಡಿದ ಮೇಲೆ. ಆಗ ಹೊರಗೆ ಬಂದು ‘ಭಟ್ರೇ, ನಾನು ಆ ಕೋಟದವನಲ್ಲ, ಮೊಗವೀರ, ಮೀನು ಹಿಡಿಯುವವನ ಮಗ’ ಎಂದು ಹೇಳಬೇಕಿತ್ತೇ? ಯಾಕೆ ಹೇಳಬೇಕು? ದೋಸೆಗೆ ಬೇಕಾದದ್ದು ಹದವಾದ ಹಿಟ್ಟು, ಕಾದ ಕಾವಲಿ, ಬೀಸುವ ಕೈ. ಈ ಮೂರರಲ್ಲಿ ಯಾವುದಕ್ಕೆ ಜಾತಿ ಇದೆ? ನಾನು ಬನೀನು ಕಳಚಲಿಲ್ಲ, ಅಷ್ಟೇ.

ಒಂದು ದಾರ ತಂದು ಹಾಕಿಕೊಂಡಿದ್ದರೆ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಕಾಳಿಘಾಟಿನ ಬೀದಿಯಲ್ಲಿ ರಾಶಿ ಹಾಕಿ ಮಾರುತ್ತಾರೆ. ಹೋಗಿದ್ದೆ. ಕೈಯಲ್ಲಿ ಹಿಡಿದೂ ನೋಡಿದೆ. ಆಗ ನನ್ನ ಅಪ್ಪಯ್ಯನ ಬರಿ ಎದೆ ಕಣ್ಣ ಮುಂದೆ ಬಂತು. ಬಲೆಯ ಹಗ್ಗ ಎಳೆದು ಎಳೆದು ಅವನ ಬಲಹೆಗಲಿನ ಚರ್ಮ ದಪ್ಪಗಟ್ಟಿ ಕಪ್ಪಾಗಿತ್ತು. ಆ ಹೆಗಲು ದುಡಿದು ನಮ್ಮನ್ನು ಸಾಕಿದ್ದು. ಅಂಥವನ ಮಗ ಇನ್ನೊಬ್ಬರ ದಾರವನ್ನು ಹೆಗಲಿಗೆ ಹಾಕಿಕೊಂಡರೆ ಅವನನ್ನು ಅಪ್ಪನಲ್ಲ ಎಂದ ಹಾಗೆಯೇ. ದಾರವನ್ನು ಅಲ್ಲೇ ಇಟ್ಟು ಬಂದೆ. ಸೆಕೆ ಆದರೆ ಆಗಲಿ ಎಂದುಕೊಂಡೆ.

ಹಾಗಾಗಿ ನನಗೆ ಯಾರೂ ಇರಲಿಲ್ಲ. ಎಲ್ಲರೂ ಒಟ್ಟಿಗೆ ನಲ್ಲಿಯಡಿ ಸ್ನಾನ ಮಾಡಿದರೆ ನಾನು ಎಲ್ಲರೂ ಹೋದ ಮೇಲೆ ಒಬ್ಬನೇ ಮಾಡುತ್ತಿದ್ದೆ. ಎಲ್ಲರೂ ಮಾಳಿಗೆಯ ಮೇಲೆ ಸಾಲಾಗಿ ಬರಿಮೈಯಲ್ಲಿ ಮಲಗಿದರೆ ನಾನು ನೀರಿನ ಟಾಂಕಿಯ ಆಚೆ ಬನೀನಿನಲ್ಲೇ ಮಲಗುತ್ತಿದ್ದೆ. ಯಾರಾದರೂ ಊರಿನ ಸುದ್ದಿ ತೆಗೆದರೆ ಎದ್ದು ಹೋಗುತ್ತಿದ್ದೆ. ಕೋಟದಲ್ಲಿ ಯಾರ ಮನೆ, ನಿಮ್ಮ ಗೋತ್ರ ಯಾವುದು, ಇಂಥವರು ನಿಮಗೆ ಏನಾಗಬೇಕು? ಈ ಪ್ರಶ್ನೆಗಳಿಗೆ ಹೆದರಿ ನಾನು ಊರಿನ ಮಾತು ಎತ್ತುವುದನ್ನೇ ಬಿಟ್ಟೆ. ಬೀದಿಯ ಬಂಗಾಳಿಗಳ ಜೊತೆ ಮಾತಾಡೋಣವೆಂದರೆ ಅವರ ಭಾಷೆ ಸರಿಯಾಗಿ ಬರುತ್ತಿರಲಿಲ್ಲ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ನನ್ನ ಬಾಯಿಂದ ಬಂದ ಮಾತು ‘ಮಸಾಲೆ ಒಂದು ಆಯ್ತು’, ಇಷ್ಟೇ.

ಊರಿಗೆ ಊರೇ ಮೀನು ತಿನ್ನುವ ನಗರ ಇದು. ಮದುವೆಗೆ ಮೀನನ್ನು ಸಿಂಗರಿಸಿ ಕಳಿಸುವ ಜನ. ಇಲ್ಲಿನ ಬ್ರಾಹ್ಮಣನೂ ಮೀನಿನ ಚೀಲ ತೂಗಾಡಿಸಿಕೊಂಡು ಬೀದಿಯಲ್ಲಿ ನಡೆಯುತ್ತಾನೆ. ಇಂಥ ಊರಿಗೆ ಬಂದು ಮೀನು ಹಿಡಿಯುವವರ ಮಗ ತನ್ನ ಜಾತಿಯನ್ನು ಬನೀನಿನಲ್ಲಿ ಮುಚ್ಚಿಕೊಂಡಿದ್ದ. ಯಾರಿಗೆ ಹೇಳಿಕೊಂಡು ನಗಲಿ, ಯಾರಿಗೆ ಹೇಳಿಕೊಂಡು ಅಳಲಿ?

ಒಮ್ಮೆ ಹೇಳಿಕೊಳ್ಳಬೇಕೆಂದಿದ್ದೆ. ಆಗ ರಾಜ್ಯದಲ್ಲಿ ಕೆಂಪು ಬಾವುಟದವರ ಸರ್ಕಾರ. ಹೋಟೆಲ್ ಕೆಲಸದವರ ಯೂನಿಯನ್ನಿನಿಂದ ದೇಬೇನ್ ಬಾಬು ಬಂದಿದ್ದರು. ಒಳ್ಳೆಯ ಮನುಷ್ಯ. ಅಡುಗೆಕೋಣೆಯ ಬಾಗಿಲಲ್ಲಿ ನಿಂತು, ಇಲ್ಲಿ ಮನುಷ್ಯರು ಹೇಗೆ ಬದುಕುತ್ತಾರೆ, ಕಿಟಕಿ ತೆಗೆಸಬೇಕು ಎಂದು ಹಿಂದಿಯಲ್ಲಿ ಕೂಗಾಡಿದರು. ದುಡಿಯುವವರಲ್ಲಿ ಜಾತಿ ಇಲ್ಲ, ಇರುವುದು ಎರಡೇ ಜಾತಿ, ದುಡಿಸಿಕೊಳ್ಳುವವನು ಮತ್ತು ದುಡಿಯುವವನು ಎಂದರು. ಇವರಿಗೆ ಹೇಳಬಹುದು ಎಂದು ಎರಡು ಹೆಜ್ಜೆ ಮುಂದಿಟ್ಟೆ. ಸೆಕೆಗೆ ಅವರ ತೆಳು ಜುಬ್ಬಾ ಬೆವರಿ ಮೈಗಂಟಿತ್ತು. ಒಳಗೆ ಜನಿವಾರ ಎದ್ದು ಕಾಣುತ್ತಿತ್ತು. ಅವರು ಏನೂ ತಪ್ಪು ಮಾಡಿರಲಿಲ್ಲ. ಆದರೂ ನನ್ನ ಮಾತು ಬಾಯಲ್ಲೇ ಉಳಿಯಿತು. ಕಿಟಕಿಯ ಹಲಗೆಯೂ ಹಾಗೇ ಉಳಿಯಿತು.

ಆ ವರ್ಷದ ಬೇಸಿಗೆಯಲ್ಲೇ ಟಾಲಿಗಂಜ್‌ನಲ್ಲಿ ಒಂದು ಉಪನಯನದ ಅಡುಗೆಯ ಕೆಲಸ ನಮಗೆ ಬಂತು. ರೈಲ್ವೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಮೈಸೂರಿನ ರಾಜಗೋಪಾಲ್ ಎಂಬವರ ಮಗನ ಮುಂಜಿ. ಭಟ್ಟರು ಗಣಪಯ್ಯನನ್ನೂ ನನ್ನನ್ನೂ ಇನ್ನಿಬ್ಬರನ್ನೂ ಕರೆದುಕೊಂಡು ಹೊರಟರು. ಮೆಟ್ರೋ ರೈಲಿಗೆಂದು ರಸ್ತೆಯನ್ನೆಲ್ಲ ಅಗೆದುಹಾಕಿದ್ದರು. ಪಾತ್ರೆಗಳನ್ನು ಕೈಗಾಡಿಯಲ್ಲಿ ಹೇರಿ, ಹೊಂಡ ಹಾದು, ಹೆಗಲು ಕೊಟ್ಟು ಮುಟ್ಟಿಸಿದೆವು.

ಬಾಡಿಗೆಯ ಸಭಾಗೃಹ. ಅದರ ಹಿಂದಿನ ಅಂಗಳದಲ್ಲಿ ತಗಡಿನ ಮಾಡು. ಅದರಡಿಯಲ್ಲಿ ನಮ್ಮ ಒಲೆಗಳು. ಮೇಲಿನಿಂದ ತಗಡು ಕಾಯುತ್ತಿತ್ತು, ಕೆಳಗಿನಿಂದ ಒಲೆ. ಬೆಳಗಿನ ತಿಂಡಿ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಒಳಗೆ ನೆಂಟರಿಗೆ ಜನರೇಟರಿನ ಫ್ಯಾನು ತಿರುಗಿತು. ಜನರೇಟರನ್ನು ನಿಲ್ಲಿಸಿದ್ದು ನಮ್ಮ ಅಂಗಳದಲ್ಲಿ. ಅದರ ಹೊಗೆಯೂ ಕಾವೂ ನಮಗೇ ಬಂತು.

ನಾನು ಹೋಳಿಗೆಯ ಕಾವಲಿಯ ಮುಂದೆ ಕುಳಿತಿದ್ದೆ. ತಲೆ ಧಿಂ ಎನ್ನುತ್ತಿತ್ತು. ಕಣ್ಣಿಗೆ ಬೆವರು ಇಳಿದು ಹೋಳಿಗೆಯ ಅಂಚು ಕಾಣುತ್ತಿರಲಿಲ್ಲ. ಬೆನ್ನ ಮೇಲಿನ ಒಂದು ಕುರು ಒಡೆದಿತ್ತು. ಆಗ ರಾಜಗೋಪಾಲರ ತಾಯಿ ಇಂದಿರಮ್ಮ ಒಳಗಿನಿಂದ ಬಂದರು. ಮೈಸೂರಿನಿಂದ ಮೊಮ್ಮಗನ ಮುಂಜಿಗೆಂದೇ ಬಂದವರು. ಮೂಗಿಗೆ ಸೆರಗು ಹಿಡಿದು ಒಲೆಗಳ ಸಾಲನ್ನು ನೋಡಿದರು. ನನ್ನ ಹತ್ತಿರ ನಿಂತರು.

“ಏನ್ರೀ ಭಟ್ರೇ ಇದು? ಬನೀನ್ ಹಾಕ್ಕೊಂಡು ಅಡುಗೆ ಮಾಡ್ತಿದಾನಲ್ಲ! ಹೊಲಿದ ಬಟ್ಟೆ ಮಡಿಗೆ ಬರುತ್ಯೇ? ಬ್ರಹ್ಮಚಾರಿಗೆ ಬಡಿಸೋ ಊಟ ಇದು. ತೆಗೆಸಿ ಮೊದ್ಲು.”

“ತೆಗೆಸ್ತೇನೆ ಅಮ್ಮ. ಮಾಣಿಗೆ ಸ್ವಲ್ಪ ಶೀತ,” ಎಂದರು ಭಟ್ಟರು.

“ಈ ಬೇಗೇಲಿ ಶೀತವೇ? ಚೆನ್ನಾಗಿದೆ! ನಾನು ಮತ್ತೆ ಬರೋ ಹೊತ್ತಿಗೆ ತೆಗ್ದಿರ್ಬೇಕು.”

ಅವರು ಒಳಗೆ ಹೋದರು. ಗಣಪಯ್ಯ ಅನ್ನ ಬಸಿಯುತ್ತಾ ನಕ್ಕರು. ನಾನು ಅಲ್ಲಾಡಲಿಲ್ಲ. ಭಟ್ಟರು ಒಳಗೆ ಹೋಗಿ ಬಂದರು. ನನ್ನ ತೋಳು ಹಿಡಿದು ಎಬ್ಬಿಸಿ ನೀರಿನ ಡ್ರಮ್ಮುಗಳ ಹಿಂದಕ್ಕೆ ಕರೆದುಕೊಂಡು ಹೋದರು. ಬಿಗಿಹಿಡಿದಿದ್ದ ಮುಷ್ಟಿ ಬಿಚ್ಚಿದರು. ಅದರಲ್ಲಿ ಹೊಸ ಜನಿವಾರ. ಅರಿಶಿನ ಇನ್ನೂ ಹಸಿಯಾಗಿತ್ತು. ಪುರೋಹಿತರ ತಟ್ಟೆಯಿಂದ ಒಂದನ್ನು ಎತ್ತಿಕೊಂಡು ಬಂದಿದ್ದರು.

“ಹಾಕ್ಕೋ. ಬನೀನು ತೆಗಿ. ಬೇಗ.”

ನನಗೆ ಅರ್ಥವಾಗಲಿಲ್ಲ. ಅವರ ಮುಖವನ್ನೇ ನೋಡಿದೆ. ಭಟ್ಟರು ದನಿ ತಗ್ಗಿಸಿದರು.

“ನನ್ನ ಹತ್ರ ಎಂಥ ನಾಟಕ? ಹೋದ ವರ್ಷ ಊರಿಗೆ ಹೋದಾಗ ವಿಚಾರಿಸಿದ್ದೇನೆ. ನೀನು ಪಡುಕೆರೆಯವ. ನಿನ್ನ ಅಪ್ಪ ಯಾರು ಅಂತಲೂ ಗೊತ್ತುಂಟು.”

ಸಿಕ್ಕಿಬಿದ್ದೆನಲ್ಲ ಎಂಬ ಹೆದರಿಕೆ ಮೊದಲು ಬಂತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು.

“ಹೋದ ವರ್ಷವೇ ಗೊತ್ತಿತ್ತಾ ನಿಮ್ಗೆ?”

“ಗೊತ್ತಿತ್ತು. ನಿನ್ನ ಕೈಯ ದೋಸೆ ತಿನ್ಲಿಕ್ಕೆ ಆ ಬಾಬುಗಳು ದೂರದಿಂದ ಬರ್ತಾರೆ. ನಿನ್ನನ್ನ ಯಾಕೆ ಕಳಿಸ್ಲಿ? ಬನೀನು ಹಾಕಿದ್ದಿಯಲ್ಲ, ಯಾರಿಗೂ ಕಾಣ್ಲಿಕ್ಕಿಲ್ಲ. ನೀನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಇಬ್ಬರಿಗೂ ಒಳ್ಳೆದಾಯ್ತು.”

ಇಬ್ಬರಿಗೂ!

ಇಡೀ ಒಂದು ಬೇಸಿಗೆ, ಮತ್ತೆ ಈ ಬೇಸಿಗೆ. ನಾನು ಬೇಯುವುದನ್ನು ಈ ಮನುಷ್ಯ ಗಲ್ಲೆಯ ಹಿಂದೆ ಕುಳಿತು ನೋಡುತ್ತಿದ್ದ. ಯಾಕೆ ಬೇಯುತ್ತಿದ್ದೇನೆಂದು ಗೊತ್ತಿದ್ದೂ ನೋಡುತ್ತಿದ್ದ. ಎಲ್ಲರೂ ಶೀತದ ಮುರಾರಿ ಎಂದು ನಗುವಾಗ ಇವನೂ ನಗುತ್ತಿದ್ದ. ಪಕ್ಕಕ್ಕೆ ಕರೆದು ‘ನನಗೆ ಗೊತ್ತು, ತೆಗಿ, ಗಾಳಿಯಾಡಲಿ’ ಎಂದು ಒಂದು ಮಾತು ಹೇಳಲಿಲ್ಲ. ನನ್ನ ಕೈ ಬೇಕಿತ್ತು, ಎದೆ ಬೇಡವಾಗಿತ್ತು. ನನಗೆ ಇಷ್ಟು ಸಿಟ್ಟು ಜನ್ಮದಲ್ಲಿ ಬಂದಿರಲಿಲ್ಲ.

“ಇವತ್ತೊಂದು ದಿನಕ್ಕೆ ಹಾಕ್ಕೋ ಮಾರಾಯ. ದಾರ ತಾನೇ? ಊಟ ಮುಗಿದ ಮೇಲೆ ತೆಗ್ದು ನನ್ನ ಕೈಗೇ ಕೊಡು. ಅಲ್ಲಿ ಇಲ್ಲಿ ಬಿಸಾಡ್ಬೇಡ, ಮಂತ್ರ ಹಾಕಿದ್ದು.”

“ನಾನ್ ಹಾಕಂತಿಲ್ಲ.”

“ಎಂಥ?”

“ಹಾಕಂತಿಲ್ಲ ಭಟ್ರೇ. ನಂದಲ್ಲ ಅದ್.”

“ಹಾಗಾದ್ರೆ ಆ ಅಮ್ಮನಿಗೆ ಏನು ಹೇಳುದು? ನಿನ್ನ ಅನ್ನ ಹೋಗ್ತದೆ, ನನ್ನ ಹೆಸರು ಹೋಗ್ತದೆ. ತಲೆ ಸರಿ ಉಂಟಾ ನಿಂಗೆ?”

ಅವರು ತಾವೇ ನನ್ನ ಕೊರಳಿಗೆ ಹಾಕಲು ಬಂದರು. ನಾನು ಅವರ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿದೆ. ಧಣಿಯ ಕೈಯನ್ನು ನಾನು ಮುಟ್ಟಿದ್ದು ಅದೇ ಮೊದಲು. ಅವರ ಕೈ ತಣ್ಣಗಿತ್ತು. ಆಮೇಲೆ ಬನೀನಿನ ಕೆಳ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಬೆನ್ನಿಗೆ ಅಂಟಿದ್ದು ಬರಲಿಲ್ಲ. ಹಲ್ಲು ಕಚ್ಚಿ ಎಳೆದೆ. ಕುರುವಿನ ಸಿಪ್ಪೆಗಳೊಡನೆ ಅದು ಹೊರಗೆ ಬಂತು. ಬೆನ್ನ ಮೇಲೆ ಬಿಸಿಯಾಗಿ ಏನೋ ಇಳಿಯಿತು. ಬನೀನನ್ನು ಅಲ್ಲೇ ನೆಲಕ್ಕೆ ಎಸೆದು, ಹೋಗಿ ಕಾವಲಿಯ ಮುಂದೆ ಕುಳಿತೆ. ಹೋಳಿಗೆ ಸೀದಿತ್ತು. ಅದನ್ನು ತೆಗೆದು ಹೊಸದನ್ನು ಹಾಕಿದೆ.

ಮೊದಲು ನೋಡಿದ್ದು ಗಣಪಯ್ಯ. ಅವರ ಕೈಯ ಸೌಟು ನಿಂತಿತು. ಉಳಿದಿಬ್ಬರು ನನ್ನ ಎದೆಯನ್ನೂ ಒಬ್ಬರ ಮುಖವನ್ನೊಬ್ಬರೂ ನೋಡಿಕೊಂಡರು. ಜನರೇಟರು ಮಾತ್ರ ಬಡಿದುಕೊಳ್ಳುತ್ತಿತ್ತು.

ಇಂದಿರಮ್ಮ ಬಂದರು. “ಹಾಂ, ಈಗ ಸರಿ,” ಎನ್ನುತ್ತಾ ಹತ್ತಿರ ಬಂದವರು ಗಕ್ಕನೆ ನಿಂತರು.

“ಏನಪ್ಪಾ, ಜನಿವಾರ ಎಲ್ಲಿ?”

“ಇಲ್ಲ ಅಮ್ಮ.”

“ಕಿತ್ತುಹೋಯ್ತೇ?”

“ಯಾವತ್ತೂ ಇರ್ಲಿಲ್ಲ. ನಾನ್ ಮೊಗವೀರ. ಕೋಟದವ್ನೇ. ಕೋಟದ ಪಡುಕೆರೆಯವ. ಮೀನ್ ಹಿಡುವರ್ ನಾವ್. ಬೆಳಗಿಂದ ನೀವ್ ತಿಂದದ್ದೆಲ್ಲ ನನ್ ಕೈಯದ್ದೇ.”

ಅವರ ಕೈ ತಾನಾಗಿ ಬಾಯಿಗೆ ಹೋಯಿತು. ಬೆಳಿಗ್ಗೆ ನನ್ನ ಕೈಯ ದೋಸೆಯನ್ನು ಹೊಗಳಿ ಹೊಗಳಿ ಇನ್ನೊಂದು ಹಾಕಿಸಿಕೊಂಡಿದ್ದರು. “ರಾಜೂ!” ಎಂದು ಕಿರುಚಿದರು. ರಾಜಗೋಪಾಲ್ ರೇಷ್ಮೆ ಪಂಚೆಯಲ್ಲಿ ಓಡಿಬಂದರು. ತಾಯಿ ಬಿಕ್ಕುತ್ತಾ ಹೇಳಿದ್ದನ್ನು ಕೇಳಿದರು. ಭಟ್ಟರು ಕೈ ಮುಗಿದು, ‘ನನಗೆ ಗೊತ್ತೇ ಇರಲಿಲ್ಲ, ಮೋಸ ಮಾಡಿದ, ದೇವರಾಣೆ’ ಎಂದರು. ದೇವರಾಣೆ ಹಾಕಿದ ಕೈಯಲ್ಲಿ ಆ ದಾರ ಇನ್ನೂ ಇತ್ತು.

ನಾನು ಕಾಯುತ್ತಿದ್ದೆ. ಈಗ ಎಲ್ಲ ಚೆಲ್ಲಿಸುತ್ತಾರೆ ಎಂದುಕೊಂಡಿದ್ದೆ. ಸಾರಿನ ಹಂಡೆ, ಪಾಯಸದ ಕೊಪ್ಪರಿಗೆ, ಹೋಳಿಗೆಯ ರಾಶಿ, ಎಲ್ಲವನ್ನೂ ಬೀದಿಯ ಹೊಂಡಕ್ಕೆ ಸುರಿಸುತ್ತಾರೆ. ಸುರಿಸಲಿ. ಹಾಗಾದರೂ ಅವರ ಮಡಿಗೆ ಒಂದು ನಿಯತ್ತಿದೆ ಎಂದುಕೊಳ್ಳುತ್ತಿದ್ದೆ.

ರಾಜಗೋಪಾಲ್ ಒಳಗೆ ಇಣುಕಿದರು. ಎಲೆ ಹಾಕಿಯಾಗಿತ್ತು. ಅವರ ಮೇಲಧಿಕಾರಿಗಳು ಹೆಂಡತಿ ಮಕ್ಕಳೊಡನೆ ಕುಳಿತಾಗಿತ್ತು. ಅವರು ತಾಯಿಯ ಕಿವಿಯಲ್ಲಿ ಏನೋ ಹೇಳಿದರು. ಇಂದಿರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು.

“ತುಳಸಿ ಹಾಕಿ ನೀರು ಪ್ರೋಕ್ಷಣೆ ಮಾಡ್ಸಿ,” ಎಂದರು ಕೊನೆಗೆ. “ಇವನ್ನ ಮೊದ್ಲು ಆಚೆಗೆ ಕಳಿಸಿ.”

ಅಷ್ಟೇ. ನನ್ನ ಸಾರಿಗೆ ತುಳಸಿ ಸಾಕಾಯಿತು. ನನ್ನ ಪಾಯಸಕ್ಕೆ ನಾಲ್ಕು ಹನಿ ನೀರು ಸಾಕಾಯಿತು. ನನಗೆ ಮಾತ್ರ ಯಾವ ತುಳಸಿಯೂ ಇರಲಿಲ್ಲ. ನಾನು ಮಾಡಿದ್ದನ್ನು ಒಳಗಿಟ್ಟುಕೊಂಡು ನನ್ನನ್ನು ಹೊರಗೆ ಹಾಕಿದರು. ಹಿಂದಿನ ಗೇಟು ದಾಟುವಾಗ ಒಳಗೆ ಹೋಳಿಗೆ ಬಡಿಸುವ ಸದ್ದು ಕೇಳುತ್ತಿತ್ತು.

ಹೊರಗೆ ಮಧ್ಯಾಹ್ನದ ಬಿಸಿಲು. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಅಗೆದ ಮಣ್ಣಿನ ದಿಬ್ಬದ ನೆರಳು ಒಂದು ಗೇಣಿನಷ್ಟಿತ್ತು. ಅದರಲ್ಲಿ ನಿಂತೆ. ಬಿಸಿಲು ಬರಿ ಬೆನ್ನಿಗೆ ಬಡಿದು ಒಡೆದ ಕುರುಗಳು ಉರಿದವು. ಉಪ್ಪು ಹಚ್ಚಿದಂತೆ ಉರಿದವು. ಆದರೆ ಎಲ್ಲಿಂದಲೋ ಒಂದು ತುಸು ಗಾಳಿ ಬಂದು ಎದೆಗೆ ತಗಲಿತು. ಬಿಸಿ ಗಾಳಿಯೇ. ಆದರೂ ಗಾಳಿ. ನಾನು ಅಲ್ಲೇ ನಿಂತು ಅತ್ತೆ. ಕೆಲಸ ಹೋಯಿತೆಂದಲ್ಲ. ಇಷ್ಟು ದೊಡ್ಡ ಊರಿನಲ್ಲಿ ಈ ಬೆನ್ನನ್ನು ತೋರಿಸಿ ‘ನೋಡು’ ಎನ್ನಲು ನನಗೆ ಒಬ್ಬರೂ ಇರಲಿಲ್ಲ.

ಗಣಪಯ್ಯ ಏದುಸಿರು ಬಿಡುತ್ತಾ ಬಂದರು. ಅವರ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕಾದ ನೆಲದ ಮೇಲೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ ನಿಂತರು. ನನ್ನ ಮುಖ ನೋಡಲಿಲ್ಲ.

“ಭಟ್ರು ಹೇಳಿ ಕಳ್ಸಿದ್ರು. ಸಿಟ್ಟು ಮಾಡ್ಕೊಳ್ಬೇಡ ಅಂತೆ. ನಾಳೆ ಹೋಟೆಲಿಗೆ ಬರ್ಬೇಕಂತೆ. ಒಳಗೆ ಆಗ್ಲಿಕ್ಕಿಲ್ಲ. ಹಿತ್ತಲಲ್ಲಿ ಪಾತ್ರೆ ತೊಳಿಲಿಕ್ಕೆ ಇರು ಅಂದ್ರು.” ನನಗೆ ಸಮಾಧಾನವಾಗಲೆಂದೇ ಇರಬೇಕು, ಮೆಲ್ಲಗೆ ಸೇರಿಸಿದರು. “ಅಲ್ಲಿ ಗಾಳಿ ಉಂಟು ಮಾರಾಯ. ಬನೀನು ಬೇಡ ಅಲ್ಲಿ.”

ನಾನು ಕಣ್ಣು ಒರೆಸಿಕೊಂಡೆ.

“ಗಣಪಯ್ಯನವ್ರೇ, ಒಳಗೆ ಉಂತಿದ್ರಾ ಅವ್ರ್?”

“ಉಣ್ತಿದಾರೆ.”

“ಹೋಳಿಗೆ?”

“ಹೋಳಿಗೆ... ಎರಡೆರಡು ಸಲ ಕೇಳಿ ಹಾಕಿಸ್ಕೊಳ್ತಿದಾರೆ.”

“ಹಂಗಾರೆ ಭಟ್ರಿಗೆ ಹೇಳಿ. ನಾನ್ ಮಾಡಿದ್ದನ್ನ ಉಂಡವರ್ ಅವ್ರ್. ಉಂಡ ಎಂಜಲನ್ನೂ ಅವ್ರೇ ತೊಳ್ಕಣ್ಲಿ.”

ಗಣಪಯ್ಯ ಹತ್ತಿರ ಬಂದರು. ನನ್ನ ಬೆನ್ನಿಗೆ ಒಮ್ಮೆ ಕೈ ಚಾಚಿದರು, ಮುಟ್ಟಲು ಎಲ್ಲಿ ಜಾಗವಿದೆಯೆಂದು ಹುಡುಕಿದರು, ಕೈ ಹಿಂದಕ್ಕೆ ತೆಗೆದುಕೊಂಡರು. ಹುಣ್ಣಿಗೆ ಹೆದರಿದರೋ, ಜಾತಿಗೆ ಹೆದರಿದರೋ ನನಗೆ ಗೊತ್ತಿಲ್ಲ. ಎರಡನೇ ಪಂಕ್ತಿಗೆ ಹೊತ್ತಾಗಿತ್ತು. ಅವರು ತಿರುಗಿ ಹೋದರು. ನಾನು ನೆರಳು ಬಿಟ್ಟು ರಸ್ತೆಗೆ ಇಳಿದೆ.